ಹಾವನ್ನು ಸಾಕುವುದು: ಅಕ್ಕರೆಯೋ, ಹೊಣೆಯೋ?

‘ಹಾವಿಗೆ ಹಾಲೆರೆದಂತೆ’ ಎಂಬ ನಾಣ್ಣುಡಿ ಕನ್ನಡಿಗರ ಬಾಯಲ್ಲಿ ತಲೆತಲಾಂತರದಿಂದ ಬಳಕೆಯಲ್ಲಿದೆ. ಉಪಕಾರವನ್ನು ಅರಿಯದವನಿಗೆ ಮಾಡಿದ ಉಪಕಾರ ವ್ಯರ್ಥವೆಂಬುದು ಅದರ ತಾತ್ಪರ್ಯ. ಮನುಷ್ಯರ ವಿಷಯದಲ್ಲಿ ಆ ಮಾತು ಎಷ್ಟು ಸತ್ಯವೋ ಲೋಕಾನುಭವವುಳ್ಳವರು ಹೇಳಬೇಕು. ಹಾವಿನ ಮಟ್ಟಿಗಂತೂ ಅದರಲ್ಲಿ ಎರಡು ತಪ್ಪುಗಳು ಅಡಗಿವೆ. ಹಾವು ಹಾಲನ್ನು ಆಹಾರವಾಗಿ ಕುಡಿಯುತ್ತದೆಂಬುದು ಒಂದು. ಉಣಿಸಿದವನಿಗೆ ಅದು ಋಣಿಯಾಗಿರಬೇಕೆಂಬುದು ಮತ್ತೊಂದು. ಹಾಲು ಸಸ್ತನಿಗಳ ಮರಿಗಳಿಗಾಗಿ ಪ್ರಕೃತಿ ಇಟ್ಟ ಆಹಾರ. ಹಾವಿನ ಒಡಲಿಗೆ ಅದು ಒಗ್ಗದು. ನಾಗರಪಂಚಮಿಯ ದಿನ ಹಾವಾಡಿಗನ ಬುಟ್ಟಿಯೊಳಗಿನ ಹಾವು ಹಾಲಿಗೆ ಬಾಯಿಡುವುದನ್ನು ಕಂಡವರುಂಟು. ದಿನಗಟ್ಟಲೆ ನೀರು ಕಾಣದ ಜೀವ ಯಾವ ದ್ರವಕ್ಕಾದರೂ ಬಾಯಿಡುತ್ತದೆಂಬುದೇ ಅದರ ಗುಟ್ಟು. ಭಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಕಲ್ಲಿನ ನಾಗರಕ್ಕೆ ಒಂದು ನ್ಯಾಯ, ಜೀವವುಳ್ಳ ನಾಗರಕ್ಕೆ ಇನ್ನೊಂದು ನ್ಯಾಯ ಎಂಬ ಲೋಕದ ಇಬ್ಬಂದಿತನವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಬಯಲಿಗೆಳೆದರು. ಆ ವಚನ ಶಾಲೆಯ ಮಕ್ಕಳಿಗೆ ಬಾಯಿಪಾಠ. ಮನೆಗಳಲ್ಲಿ ಅದು ಎಷ್ಟರಮಟ್ಟಿಗೆ ಇಳಿದಿದೆಯೆಂಬುದು ಬೇರೆ ಮಾತು.

ಈ ಎರಡು ತಪ್ಪುಗಳು ಹಿಂದಿನವರಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಇಂದು ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ನಾಯಿ ಬೆಕ್ಕುಗಳಂತೆಯೇ ಹಾವನ್ನೂ ಮನೆಯಲ್ಲಿ ಸಾಕುವ ಹವ್ಯಾಸ ಬೆಳೆದುನಿಂತಿದೆ. ಆ ನಾಡುಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಹುಟ್ಟುಹಬ್ಬಕ್ಕೆ ಹಾವಿನ ಮರಿ ಬೇಕೆಂದು ಹಟ ಹಿಡಿಯುವ ಮಕ್ಕಳಿದ್ದರೆ ಆಶ್ಚರ್ಯವಿಲ್ಲ. ಬೆಂಗಳೂರಿನಂತಹ ನಗರಗಳಿಗೂ ಆ ಗಾಳಿ ಬೀಸಿದೆ. ಹೀಗೆ ಮೊದಲ ಬಾರಿಗೆ ಹಾವನ್ನು ತರುವವನು ಹಳೆಯ ನಾಣ್ಣುಡಿಯ ಎರಡೂ ತಪ್ಪುಗಳನ್ನು ಹೊಸ ವೇಷದಲ್ಲಿ ಜೊತೆಗೇ ತರುತ್ತಾನೆ. ತನಗೆ ಹಿತವಾದುದು ಹಾವಿಗೂ ಹಿತವೆಂದು ಬಗೆಯುತ್ತಾನೆ. ತಾನು ತೋರಿದ ಅಕ್ಕರೆಗೆ ಹಾವಿನಿಂದ ಮರುಅಕ್ಕರೆಯನ್ನು ನಿರೀಕ್ಷಿಸುತ್ತಾನೆ. ಇವೆರಡನ್ನೂ ಹೊಸ್ತಿಲಾಚೆ ಬಿಟ್ಟುಬರುವ ಶಕ್ತಿಯಿಲ್ಲದವನು ಹಾವನ್ನು ಸಾಕಲು ಯೋಗ್ಯನಲ್ಲ.

ಇಂತಹ ಹೊಸಬರ ಕೈಗೆ ಬಹುಮಟ್ಟಿಗೆ ಬರುವುದು ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು. ಬೆದರಿದಾಗ ತಲೆಯನ್ನು ನಡುವಿಗಿಟ್ಟು ಮೈಯನ್ನು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಮೂರರಿಂದ ಐದು ಅಡಿ ಬೆಳೆಯುವ ಈ ಹಾವಿಗೆ ವಿಷವಿಲ್ಲ, ಕಚ್ಚುವ ಚಾಳಿಯೂ ಕಡಿಮೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳೂ ಹೊಲಗದ್ದೆಗಳೂ ಅದರ ತವರು. ಹಗಲೆಲ್ಲ ಇಲಿಯ ಬಿಲದಲ್ಲಿಯೋ ಗೆದ್ದಲಿನ ಹುತ್ತದಲ್ಲಿಯೋ ಅಡಗಿದ್ದು ಇರುಳಿನಲ್ಲಿ ಬೇಟೆಗೆ ಹೊರಡುತ್ತದೆ. ಬೆನಿನ್ ದೇಶದ ಊಯಿದಾ ಪಟ್ಟಣದಲ್ಲಿ ಈ ಹಾವುಗಳಿಗೆಂದೇ ಒಂದು ಗುಡಿಯಿದೆ. ಅಲ್ಲಿನ ಹಾವುಗಳು ಇರುಳಲ್ಲಿ ಊರೊಳಗೆ ಸಂಚರಿಸುತ್ತವೆ; ಮನೆಯೊಳಕ್ಕೆ ಬಂದ ಹಾವನ್ನು ಜನ ಕೊಲ್ಲದೆ ಮೆಲ್ಲನೆ ಎತ್ತಿ ಮರಳಿ ಗುಡಿಗೆ ಮುಟ್ಟಿಸುತ್ತಾರೆ. ನಾಗಬನಗಳ ನಾಡಿನವರಿಗೆ ಇದು ಅಪರಿಚಿತವೆನಿಸದು. ಆದರೆ ಅದೇ ಬೆನಿನ್, ಅದರ ನೆರೆಯ ಟೋಗೋ ಮತ್ತು ಘಾನಾ ದೇಶಗಳಿಂದಲೇ ಈ ಹಾವುಗಳು ಲಕ್ಷಗಟ್ಟಲೆಯಾಗಿ ಹೊರದೇಶಗಳಿಗೆ ರಫ್ತಾಗಿವೆ. 1975ರಿಂದೀಚೆಗೆ ಆಫ್ರಿಕದಿಂದ ಹೀಗೆ ಹೊರಬಿದ್ದವುಗಳ ಸಂಖ್ಯೆ ಮೂವತ್ತು ಲಕ್ಷವನ್ನು ಮೀರುತ್ತದೆ. ಒಂದು ಕಡೆ ಪೂಜೆ, ಮತ್ತೊಂದು ಕಡೆ ಮಾರಾಟ. ಈ ಇಬ್ಬಂದಿತನ ಒಂದು ದೇಶದ ಸೊತ್ತಲ್ಲವೆಂದಾಯಿತು.

ಮುಂದಿನ ಮಾತಿಗೆ ಮೊದಲು ಕಾನೂನಿನ ವಿಚಾರವನ್ನು ಮುಗಿಸಿಬಿಡುವುದು ಒಳ್ಳೆಯದು. ಇದನ್ನು ತಿಳಿಯದೆಯೇ ಅನೇಕರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ನಾಗರಹಾವು, ಕೇರೆಹಾವು, ಕೊಳಕುಮಂಡಲ, ಹೆಬ್ಬಾವು ಮುಂತಾದ ಈ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅಲ್ಲಿ ‘ಪ್ರೀತಿಯಿಂದ ಸಾಕಿದೆ’ ಎಂಬ ಸಮಜಾಯಿಷಿ ನಡೆಯದು. ಬಾಲ್ ಪೈಥಾನಿನಂತಹ ಪರದೇಶದ ಹಾವುಗಳ ವಿಷಯ ಬೇರೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಅದು ಸೇರಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತದ ಕಾಯ್ದೆ ಇಂತಹ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕೆಂದು ವಿಧಿಸಿತು. ಅದರ ನಿಯಮಗಳು 2024ರ ಫೆಬ್ರವರಿಯಲ್ಲಿ ಪ್ರಕಟವಾದವು. ಹಾವು ಮರಿ ಹಾಕಿದರೂ, ಸತ್ತರೂ, ಬೇರೆಯವರ ಕೈ ಸೇರಿದರೂ ತಿಳಿಸಲೇಬೇಕು. ಹೀಗಿರುವಾಗ ಕಾಗದಪತ್ರಗಳಿಲ್ಲದ ಹಾವನ್ನು ಗುಟ್ಟಾಗಿ ಕೊಳ್ಳುವವನು ಯಾವ ದಾರಿಗೆ ಹಣ ಸುರಿಯುತ್ತಾನೆಂಬುದು ಸ್ಪಷ್ಟ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದಿಳಿದ, ವಾರಸುದಾರರಿಲ್ಲದ ಸಾಮಾನುಗಳನ್ನು ಸುಂಕದ ಅಧಿಕಾರಿಗಳು ತೆರೆದು ನೋಡಿದಾಗ ಅದರೊಳಗೆ 55 ಬಾಲ್ ಪೈಥಾನುಗಳೂ 17 ಕಾಳಿಂಗ ಸರ್ಪಗಳೂ ಇದ್ದವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತುಹೋಗಿದ್ದವು. ಆಗುಂಬೆಯ ಕಾಡಿನಲ್ಲಿ ಕಾಳಿಂಗ ಸರ್ಪ ಸ್ವತಂತ್ರವಾಗಿ ತಿರುಗುವ ನಾಡಿಗೆ ಅದನ್ನು ಸಾಮಾನಿನೊಳಗೆ ಅಡಗಿಸಿ ತರುವವರಿದ್ದಾರೆಂದರೆ ಈ ಹುಚ್ಚಿನ ಆಳವನ್ನು ಊಹಿಸಬಹುದು. ದಾಖಲೆಯಿಲ್ಲದ ಹಾವು ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳತಕ್ಕದ್ದಲ್ಲ. ಈ ವಿಷಯದಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಡೆಯಿಲ್ಲ.

ಇನ್ನು ಕಾನೂನಿನ ಒಪ್ಪಿಗೆಯಿದ್ದು, ಸಾಕಣೆಯಲ್ಲಿಯೇ ಹುಟ್ಟಿದ ಮರಿಯನ್ನು ನೇರ ದಾರಿಯಲ್ಲಿ ಪಡೆಯುವವನ ಮಾತು. ಅವನು ಮೊದಲು ಸಿದ್ಧಪಡಿಸಬೇಕಾದುದು ಹಾವಿನ ಮನೆಯನ್ನು. ಹಾವು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು; ಸುತ್ತಲಿನ ಶಾಖವೇ ಅದರ ಶಾಖ. ಉಂಡದ್ದು ಅರಗುವುದೂ ರೋಗಕ್ಕೆ ಎದುರು ನಿಲ್ಲುವುದೂ ಆ ಶಾಖವನ್ನೇ ಅವಲಂಬಿಸಿವೆ. ಆದುದರಿಂದ ಪೆಟ್ಟಿಗೆಯ ಒಂದು ಬದಿ 32 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಬೆಚ್ಚಗಿರಬೇಕು, ಮತ್ತೊಂದು ಬದಿ 25ರಿಂದ 27 ಡಿಗ್ರಿಯಷ್ಟು ತಂಪಾಗಿರಬೇಕು. ತನಗೆ ಬೇಕಾದಾಗ ಬೇಕಾದೆಡೆಗೆ ಸರಿದುಹೋಗುವ ಸ್ವಾತಂತ್ರ್ಯ ಹಾವಿಗಿರಬೇಕು. ಕಾಯಿಸುವ ಉಪಕರಣಕ್ಕೆ ಥರ್ಮೋಸ್ಟಾಟ್ ಎಂಬ ಶಾಖನಿಯಂತ್ರಕ ಇಲ್ಲದಿದ್ದರೆ ಅದು ಹಾವನ್ನು ಸುಡುವ ಯಂತ್ರವಾದೀತು. ವಿದ್ಯುತ್ತಿನಿಂದ ಕಾಯುವ ಕೃತಕ ಕಲ್ಲುಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವುಗಳ ಮೇಲೆ ಮಲಗಿದ ಹಾವು ಹೊಟ್ಟೆ ಸುಟ್ಟರೂ ಬೇಗ ಸರಿದುಕೊಳ್ಳುವುದಿಲ್ಲವೆಂಬುದನ್ನು ಮಾರುವವನು ಹೇಳುವುದಿಲ್ಲ. ಗಾಳಿಯ ತೇವ ಶೇಕಡ 55ರಿಂದ 70ರವರೆಗೆ ಇರಬೇಕು. ನೆಲಕ್ಕೆ ಹಾಸಲು ತೆಂಗಿನ ಸಿಪ್ಪೆಯ ಚೂರು ಉತ್ತಮ. ತೇವ ಹಿಡಿದಿಡುವ ಆ ವಸ್ತುವಿನ ಬೆಲೆ ತಿಪಟೂರಿನ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ದೇವದಾರು ಜಾತಿಯ ಮರದ ಹೊಟ್ಟು ಮಾತ್ರ ಕೂಡದು, ಅದರ ಕಂಪಿನ ಎಣ್ಣೆ ಹಾವಿಗೆ ಅಪಾಯಕರ.

ಇವೆಲ್ಲಕ್ಕಿಂತ ಮುಖ್ಯವಾದುದು ಅಡಗುತಾಣ. ಬೆಚ್ಚನೆಯ ಬದಿಗೊಂದು, ತಂಪಿನ ಬದಿಗೊಂದು, ಹೀಗೆ ಎರಡು ಇಕ್ಕಟ್ಟಾದ ಗೂಡುಗಳಿರಬೇಕು. ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟು ಹಾವಿಗೆ ಧೈರ್ಯ ಕೊಡುತ್ತದೆ. ಹೊಸಬನು ಮಾಡುವ ಮೊದಲ ತಪ್ಪು ಇಲ್ಲಿಯೇ ಆಗುತ್ತದೆ. ಹಣ ಕೊಟ್ಟು ತಂದ ಪ್ರಾಣಿ ಕಣ್ಣಿಗೆ ಕಾಣಬೇಡವೇ ಎಂದು ಅವನು ಗೂಡುಗಳನ್ನು ತೆಗೆದು, ದೀಪ ಹಚ್ಚಿ, ಬಂದವರಿಗೆಲ್ಲ ತೋರಿಸುತ್ತಾನೆ. ಅಡಗಲು ಎಡೆಯಿಲ್ಲದ ಹಾವು ಉಣ್ಣುವುದನ್ನು ನಿಲ್ಲಿಸುತ್ತದೆ. ಬಿಲದ ಜೀವಿಯನ್ನು ಪ್ರದರ್ಶನದ ವಸ್ತುವನ್ನಾಗಿ ಮಾಡಿದ ಮೇಲೆ ಅದು ಸೊರಗಿತೆಂದು ದೂರುವುದರಲ್ಲಿ ಅರ್ಥವೇನು? ಗಾಜಿನ ಪೆಟ್ಟಿಗೆ ಕನಿಷ್ಠ ಪಕ್ಷ ಹಾವು ಉದ್ದಕ್ಕೆ ಮೈ ಚಾಚುವಷ್ಟಿರಬೇಕು. ಬೆಳೆದ ಬಾಲ್ ಪೈಥಾನಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆಯನ್ನು ಕನಿಷ್ಠವೆಂದು ಹಿಡಿಯುವುದು ವಾಡಿಕೆ. ಮುಚ್ಚಳಕ್ಕೆ ಭದ್ರವಾದ ಚಿಲಕವಿರಲಿ. ತಲೆ ತೂರುವ ಸಂದಿಯಿದ್ದರೆ ಹಾವು ತೂರಿಯೇ ತೂರುತ್ತದೆ.

ಆಹಾರದ ವಿಷಯಕ್ಕೆ ಬಂದಾಗ ಶಾಕಾಹಾರವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಮನೆತನಗಳಿಗೆ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಹಾವು ಅಪ್ಪಟ ಮಾಂಸಾಹಾರಿ. ಅನ್ನ, ಹಾಲು, ಹಣ್ಣುಗಳಿಂದ ಅದನ್ನು ಪಳಗಿಸುವೆನೆಂಬುದು ಅದನ್ನು ಉಪವಾಸ ಕೊಲ್ಲುವ ಮಾತು. ಅದಕ್ಕೆ ಬೇಕಾದುದು ಇಡೀ ಇಲಿ. ಮೂಳೆ, ಕರುಳು, ಚರ್ಮಸಮೇತವಾಗಿ ನುಂಗಿದಾಗಲೇ ಅದರ ಪೋಷಣೆ ಪೂರ್ಣವಾಗುತ್ತದೆ. ಹಾವಿನ ನಡುವಿನ ದಪ್ಪವನ್ನು ಮೀರದ ಗಾತ್ರದ ಇಲಿಯನ್ನು ಮರಿಗೆ ವಾರಕ್ಕೊಮ್ಮೆಯೂ ಬೆಳೆದದ್ದಕ್ಕೆ ಎರಡು ಮೂರು ವಾರಗಳಿಗೊಮ್ಮೆಯೂ ಕೊಡುವುದು ಪದ್ಧತಿ. ಜೀವಂತ ಇಲಿಯನ್ನು ಪೆಟ್ಟಿಗೆಯೊಳಕ್ಕೆ ಬಿಡುವುದು ಇಬ್ಬರಿಗೂ ಕ್ರೂರ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸಿದ ನಿದರ್ಶನಗಳಿವೆ. ಕೊಂದು ಹೆಪ್ಪುಗಟ್ಟಿಸಿ ಮಾರುವ ಇಲಿಯನ್ನು ತಂದು, ಶೈತ್ಯಪೆಟ್ಟಿಗೆಯಲ್ಲಿಟ್ಟು, ಬೇಕಾದಾಗ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಹಿಡಿದು ಹಾವಿನ ಮುಂದೆ ಚಾಚಬೇಕು. ಮನೆಯವರ ಅಡುಗೆಯ ಪದಾರ್ಥಗಳಿರುವ ಶೈತ್ಯಪೆಟ್ಟಿಗೆಯಲ್ಲಿ ಅದನ್ನು ಇಡತಕ್ಕದ್ದಲ್ಲ. ಆರೋಗ್ಯದ ದೃಷ್ಟಿಯಿಂದಲೂ ಬೇಡ, ಮನೆಯ ಹಿರಿಯರ ಮನಸ್ಸಿನ ದೃಷ್ಟಿಯಿಂದಲೂ ಬೇಡ.

ಕಾಡಿನಲ್ಲಿಯೂ ಹಾವು ಇಲಿಯನ್ನೇ ತಿನ್ನುವುದಲ್ಲವೇ, ಇದರಲ್ಲಿ ಸಾಕುವವನ ಪಾಪವೇನು ಎಂದು ಕೇಳುವವರಿದ್ದಾರೆ. ಕಾಡಿನಲ್ಲಿ ಇಲಿಗೂ ಹಾವಿಗೂ ನಡುವೆ ಮೂರನೆಯವನಿಲ್ಲ. ಸಾಕಿದ ಮನೆಯಲ್ಲಿ ಹಾವು ಹುಟ್ಟಿದ್ದೂ ಅದರ ಬಾಯಿಗೆಂದು ಇಲಿ ಹುಟ್ಟಿದ್ದೂ ಆ ಮೂರನೆಯವನ ಆಸೆಯಿಂದಲೇ. ಇಪ್ಪತ್ತೈದು ವರ್ಷ ಬಾಳುವ ಒಂದು ಹಾವಿಗೆ ಐನೂರು ಇಲಿಗಳಾದರೂ ಬೇಕಾಗುತ್ತವೆಂದು ಬೆರಳೆಣಿಸಿ ಹೇಳಬಹುದು. ಈ ಲೆಕ್ಕವನ್ನು ನೋಡಿ ಹಿಂಜರಿಯುವವನು ಹೇಡಿಯಲ್ಲ; ಅವನು ತನ್ನ ಮನಸ್ಸನ್ನು ಬಲ್ಲವನು. ಇಲಿ ಕೊಡುವುದು ತನ್ನ ಧರ್ಮಕ್ಕೆ ಸಲ್ಲದೆಂದು ತಿಳಿಯುವವನು ಹಾವನ್ನು ತರದಿರಲಿ. ತಂದ ಮೇಲೆ ಇಲಿ ಕೊಡದಿರುವುದೇ ಅಧರ್ಮ. ತಂದೆತಾಯಿಯರು ಈ ಮಾತನ್ನು ಮಗುವಿಗೆ ಮರೆಮಾಚದೆ ಹೇಳಬೇಕು. ಹಾವು ಬೇಕು, ಇಲಿಯ ಮಾತು ಬೇಡ ಎಂಬ ಮಗುವಿಗೆ ಹಾವೂ ಬೇಡ.

ಹಾವನ್ನು ಮನೆಗೆ ತಂದ ಮೊದಲ ಒಂದೆರಡು ವಾರ ಅದನ್ನು ಮುಟ್ಟಬಾರದು. ನೀರು ಬದಲಾಯಿಸುವುದು, ಹೇಲನ್ನು ತೆಗೆಯುವುದು, ಇಷ್ಟೇ ಕೆಲಸ. ಹೊಸ ಒಡೆಯನಿಗೆ ಇದು ನುಂಗಲಾರದ ತುತ್ತು. ಆದರೆ ಹಾವಿನ ಆರೈಕೆಯ ತಿರುಳೇ ಇದು. ನಾಯಿಯನ್ನು ಸಾಕುವವನು ಎಷ್ಟು ಬೆರೆತರೆ ಅಷ್ಟು ಒಳಿತು. ಹಾವನ್ನು ಸಾಕುವವನು ಎಷ್ಟು ದೂರ ನಿಲ್ಲಬಲ್ಲನೋ ಅಷ್ಟು ಒಳ್ಳೆಯ ಒಡೆಯ. ಕಾಲಾನುಕ್ರಮದಲ್ಲಿ ಅದು ಕೈಯ ವಾಸನೆಗೆ ಹೊಂದಿಕೊಂಡು ಬೆದರುವುದನ್ನು ಬಿಡುತ್ತದೆ. ಅದನ್ನು ಪ್ರೀತಿಯೆಂದು ಭ್ರಮಿಸುವುದು ಬೇಡ. ಭಯ ಬಿಟ್ಟುದೇ ದೊಡ್ಡದು. ಉಂಡ ಮೇಲೆ ಎರಡು ದಿನ ಎತ್ತಬಾರದು, ಎತ್ತಿದರೆ ನುಂಗಿದ್ದನ್ನು ಕಕ್ಕುತ್ತದೆ. ಕಣ್ಣು ಮಂಜಾಗಿ ನೀಲಿಗಟ್ಟಿದರೆ ಪೊರೆ ಬಿಡುವ ಕಾಲವೆಂದರಿತು ಸುಮ್ಮನಿರಬೇಕು. ಒಳ್ಳೆಯ ಆರೋಗ್ಯವುಳ್ಳ ಹಾವು ಪೊರೆಯನ್ನು ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಕಳಚುತ್ತದೆ. ಚೂರುಚೂರಾಗಿ ಬಂದರೆ ಗಾಳಿಯಲ್ಲಿ ತೇವ ಸಾಲದೆಂದು ತಿಳಿಯಬೇಕು. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಉಗುರಿನಿಂದ ಕೀಳಲು ಹೋಗಿ ಹಾವನ್ನು ಕುರುಡು ಮಾಡಿದವರುಂಟು.

ಬಾಲ್ ಪೈಥಾನ್ ಕೆಲವೊಮ್ಮೆ ತಿಂಗಳುಗಟ್ಟಲೆ ಉಣ್ಣದೆ ಇರುತ್ತದೆ. ಚಳಿಗಾಲದಲ್ಲಿ ಇದು ಹೆಚ್ಚು. ಅನುಭವವಿಲ್ಲದವನು ಆಗ ಕಂಗಾಲಾಗಿ ದಿನಕ್ಕೊಂದು ಇಲಿ ತೋರಿಸುತ್ತಾನೆ, ಹಾವನ್ನು ಎತ್ತಿ ಎತ್ತಿ ನೋಡುತ್ತಾನೆ, ಪೆಟ್ಟಿಗೆಯನ್ನು ಬದಲಿಸುತ್ತಾನೆ. ಒಂದೊಂದು ಉಪಚಾರವೂ ಹಾವಿನ ಹೆದರಿಕೆಗೆ ಇನ್ನೊಂದು ಕಾರಣವಾಗುತ್ತದೆ. ಅಡುಗೆಮನೆಯ ತಕ್ಕಡಿಯಂತಹದೊಂದನ್ನು ಬೇರೆಯಾಗಿ ಇಟ್ಟುಕೊಂಡು, ತಿಂಗಳಿಗೊಮ್ಮೆ ತೂಗಿ ಬರೆದಿಟ್ಟರೆ ಗಾಬರಿಗೆ ಎಡೆಯಿರುವುದಿಲ್ಲ. ತೂಕ ಇಳಿಯದಿದ್ದರೆ ಹಾವು ತನ್ನ ಕಾಲವನ್ನು ತಾನೇ ಬಲ್ಲದು. ತೂಕ ಇಳಿಯುತ್ತ ಬಂದರೆ, ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ನೊರೆ ಕಂಡರೆ, ಹುರುಪೆಗಳ ನಡುವೆ ಕರಿಯ ಉಣ್ಣೆಗಳು ಹರಿದಾಡಿದರೆ ತಡಮಾಡದೆ ವೈದ್ಯನಲ್ಲಿಗೆ ಒಯ್ಯಬೇಕು. ದನಕರುಗಳಿಗೆ ಔಷಧ ಕೊಡುವ ಎಲ್ಲ ವೈದ್ಯರೂ ಹಾವಿಗೆ ಕೊಡಲಾರರು. ಬಲ್ಲವರು ಎಲ್ಲಿದ್ದಾರೆಂಬುದನ್ನು ಹಾವು ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದು ಸಾಮಾನ್ಯವಾದುದರಿಂದ ಮುಟ್ಟಿದ ಪ್ರತಿಸಲವೂ ಸಾಬೂನಿನಿಂದ ಕೈ ತೊಳೆಯಬೇಕು; ಐದು ವರ್ಷದೊಳಗಿನ ಕೂಸುಗಳಿರುವ ಮನೆಗೆ ಹಾವು ತಕ್ಕುದಲ್ಲ.

ಬಣ್ಣದ ಮೋಹವನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಕಂದು ಮೈಯ ಮೇಲೆ ಕರಿಯ ಪಟ್ಟೆಗಳುಳ್ಳ ಈ ಹಾವಿನಿಂದ ತಳಿಗಾರರು ಬಿಳಿ, ಹಳದಿ, ಕಿತ್ತಳೆ, ಹೀಗೆ ಬಗೆಬಗೆಯ ಬಣ್ಣಗಳ ತಳಿಗಳನ್ನು ಪಡೆದಿದ್ದಾರೆ. ಅವುಗಳಲ್ಲಿ ‘ಸ್ಪೈಡರ್’ ಎಂದು ಹೆಸರಾದ, ಜೇಡರಬಲೆಯಂತಹ ಚಿತ್ತಾರವುಳ್ಳ ತಳಿಯೊಂದಿದೆ. ಆ ಚಿತ್ತಾರವನ್ನು ತರುವ ಜೀನಿನೊಡನೆಯೇ ತಲೆ ನಡುಗುವ, ಮೈಯ ತೂಕ ತಪ್ಪುವ ದೋಷವೂ ಬರುತ್ತದೆ. ಕೆಲವು ಹಾವುಗಳು ಬಾಯಿಟ್ಟ ಕಡೆ ಇಲಿಯನ್ನು ಹಿಡಿಯಲಾರದೆ ತಲೆಕೆಳಗಾಗಿ ತಿರುಚಿಕೊಳ್ಳುತ್ತವೆ. ಹೊಸಬನ ಕಣ್ಣಿಗೆ ಚಿತ್ತಾರ ಕಾಣುತ್ತದೆ, ನಡುಕ ಕಾಣುವುದಿಲ್ಲ. ತಿಳಿದೂ ಅಂತಹ ಹಾವನ್ನು ಹುಟ್ಟಿಸುವವರು ವ್ಯಾಪಾರಿಗಳೆಂಬುದು ನಿಜ. ಆದರೆ ಕೊಳ್ಳುವವರಿಲ್ಲದಿದ್ದರೆ ಹುಟ್ಟಿಸುವವರೂ ಇರುತ್ತಿರಲಿಲ್ಲ.

ಆಯುಸ್ಸಿನ ಪ್ರಶ್ನೆಯನ್ನು ಯಾರೂ ಮೊದಲು ಕೇಳುವುದಿಲ್ಲ. ಒಳ್ಳೆಯ ಆರೈಕೆಯಲ್ಲಿ ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. 1961ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಪ್ರಾಣಿಸಂಗ್ರಹಾಲಯಕ್ಕೆ ಒಬ್ಬ ಖಾಸಗಿ ಒಡೆಯರು ತಮ್ಮ ಹೆಣ್ಣು ಬಾಲ್ ಪೈಥಾನನ್ನು ಒಪ್ಪಿಸಿದರು. ಅದೇ ಹಾವು 2020ರ ಜುಲೈ 23ರಂದು ಏಳು ಮೊಟ್ಟೆಗಳನ್ನಿಟ್ಟಿತು. ಆಗ ಅದರ ವಯಸ್ಸು ಅರವತ್ತೆರಡು ಎಂದು ಅಲ್ಲಿನವರು ಗಣಿಸಿದರು. ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಅದು ಗಂಡುಹಾವಿನ ಸಮೀಪಕ್ಕೆ ಹೋಗಿರಲಿಲ್ಲ. ವಿಜ್ಞಾನಿಗಳಿಗೆ ಮೊಟ್ಟೆ ಅಚ್ಚರಿ ತಂದಿತು. ಹಾವನ್ನು ತರುವ ಯೋಚನೆಯಲ್ಲಿರುವವನು ಆ ವರ್ಷಗಳನ್ನು ಕಂಡು ಅಚ್ಚರಿಪಡಬೇಕು. ಹತ್ತು ವರ್ಷದ ಬಾಲಕನಿಗೆ ತಂದುಕೊಟ್ಟ ಹಾವು ಅವನು ಕಾಲೇಜಿಗೆ ಹೋದಾಗ, ಪರವೂರಿನಲ್ಲಿ ಕೆಲಸ ಹಿಡಿದಾಗ, ಮದುವೆಯಾದಾಗ ಯಾರ ಪಾಲಿಗೆ ಉಳಿಯುತ್ತದೆ? ಬೇಸರಗೊಂಡವರು ಹಾವನ್ನು ಊರಾಚೆಯ ಪೊದೆಯಲ್ಲಿ ಬಿಟ್ಟುಬರುವುದು ಅದಕ್ಕೆ ಬಿಡುಗಡೆಯಲ್ಲ. ಚಳಿಯ ನಾಡಿನಲ್ಲಿ ಅದು ಸಾಯುತ್ತದೆ. ಬೆಚ್ಚನೆಯ ನಾಡಿನಲ್ಲಿ ಬದುಕಿದರೆ ಅಲ್ಲಿನ ಜೀವಿಗಳಿಗೆ ಕಂಟಕವಾಗುತ್ತದೆ. ಸಾಕುವುದಕ್ಕೆಂದು ತಂದ ಬರ್ಮಾದ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿ ನೆಲೆಯೂರಿ ಅಲ್ಲಿನ ಮೊಲ, ರಕೂನ್ ಮೊದಲಾದ ಪ್ರಾಣಿಗಳನ್ನು ಬರಿದುಮಾಡಿದ್ದು ಕಣ್ಣೆದುರಿಗಿರುವ ದೃಷ್ಟಾಂತ.

ಇಷ್ಟನ್ನೆಲ್ಲ ಕೇಳಿದ ಮೇಲೆಯೂ ಹಾವು ಬೇಕೆನ್ನುವ ಮಗುವನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಾದ ಶಿಕ್ಷಣವಲ್ಲ. ಹಾವನ್ನು ಕಂಡರೆ ಕಲ್ಲೆತ್ತುವವರ ನಡುವೆ ಅದನ್ನು ಕುತೂಹಲದಿಂದ ನೋಡುವ ಮಗು ಅಪರೂಪದ್ದು. ಕರ್ನಾಟಕದ ಹಳ್ಳಿಯ ಮಗುವಾದರೆ ಹೊಲದ ಬದುವಿನಲ್ಲಿ ಹರಿಯುವ ಕೇರೆಹಾವನ್ನು ಹತ್ತು ಮಾರು ದೂರದಿಂದ ನೋಡಲು ಉಪಾಧ್ಯಾಯರು ಕಲಿಸಬಹುದು. ಅದಕ್ಕೆ ಪೆಟ್ಟಿಗೆಯೂ ಬೇಡ, ಪರವಾನಗಿಯೂ ಬೇಡ. ಅದು ತಿನ್ನುವ ಇಲಿಗಳ ಲೆಕ್ಕವನ್ನು ರೈತನೇ ಸಂತೋಷದಿಂದ ಹೇಳುತ್ತಾನೆ. ಸಾಕಲು ಅವಕಾಶವಿರುವ ದೇಶದಲ್ಲಿ ಬೆಳೆಯುವ ಮಗುವಾದರೆ ತಂದೆತಾಯಿಯರು ಮೊದಲು ಪೆಟ್ಟಿಗೆಯನ್ನು ಮಾತ್ರ ತರಲಿ. ಗೂಡು, ನೀರಿನ ಬಟ್ಟಲು, ಶಾಖಮಾಪಕ, ತೇವಮಾಪಕ ಎಲ್ಲವನ್ನೂ ಜೋಡಿಸಿ, ಹಾವಿಲ್ಲದೆಯೇ ಒಂದು ತಿಂಗಳು ನಡೆಸಲಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಎರಡೂ ಬದಿಯ ಶಾಖವನ್ನೂ ತೇವವನ್ನೂ ಮಗುವೇ ನೋಡಿ ಪುಸ್ತಕದಲ್ಲಿ ಬರೆಯಲಿ. ದಿನವೂ ನೀರು ಬದಲಾಯಿಸಲಿ. ರಜೆಯ ದಿನವೂ ಪರೀಕ್ಷೆಯ ದಿನವೂ ಊರಿಗೆ ಹೋಗುವ ದಿನವೂ ಅದರಲ್ಲಿ ಸೇರಿರಲಿ. ಹನ್ನೆರಡನೆಯ ದಿನವೋ ಇಪ್ಪತ್ತನೆಯ ದಿನವೋ ಪುಸ್ತಕದ ಪುಟ ಖಾಲಿ ಉಳಿದರೆ ಪೆಟ್ಟಿಗೆಯನ್ನು ತೊಳೆದು ಅಟ್ಟಕ್ಕೇರಿಸಬಹುದು, ಯಾವ ಜೀವಕ್ಕೂ ನೋವಾಗಿರುವುದಿಲ್ಲ. ಅರವತ್ತು ಸಾಲುಗಳೂ ತುಂಬಿದ್ದರೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಕುಳಿತು ಮಾತನಾಡಲಿ.